ಡ್ರಿಲ್ ಟೀಚರ್ ಉತ್ತರಿಸುತ್ತಾರೆ: ಮೊದಲು ಬೆಂಚಿನ ಕಡೆ ನೋಡಿ

ಹೋದ ತಿಂಗಳು ಇದೇ ಪುಟದಲ್ಲಿ ಹುಡುಗಿಯರ ಬಾಸ್ಕೆಟ್‌ಬಾಲ್ ಬಗ್ಗೆ ನಾಲ್ಕು ಸಾಲು ಬರೆದಿದ್ದೆ. ಅಷ್ಟಕ್ಕೇ ಇಷ್ಟು ಪತ್ರ ಬರುತ್ತದೆ ಅಂತ ಎಣಿಸಿರಲಿಲ್ಲ. ಹಾಗಾಗಿ ಮೊಣಕಾಲು ನೋವು, ತೂಕ ಇಳಿಸುವುದು, ಮಕ್ಕಳ ಮೊಬೈಲ್ ಹುಚ್ಚು ಎಲ್ಲ ಈ ಸಲ ಬದಿಗೆ. ಕಾಸರಗೋಡಿನ ಕನ್ನಡ ಶಾಲೆಯಲ್ಲಿ ಮೂವತ್ತೊಂದು ವರ್ಷ ವಿಸಿಲ್ ಊದಿದವಳು ನಾನು. ಗೊತ್ತಿದ್ದಷ್ಟು ಹೇಳುತ್ತೇನೆ. ಹೆಸರು ಹಾಕಬೇಡಿ ಅಂದವರೇ ಜಾಸ್ತಿ, ಆದ್ದರಿಂದ ಊರು ಮಾತ್ರ ಹಾಕಿದ್ದೇನೆ.

ನಾನು ಪ್ಲಸ್ ಟು ಓದುತ್ತಿದ್ದೇನೆ. ಎತ್ತರ ಐದು ಅಡಿ ಹತ್ತು ಇಂಚು. ಜಿಲ್ಲಾ ತಂಡದಲ್ಲಿ ಆಡಿದ್ದೇನೆ. ಅಮೆರಿಕದ ಕಾಲೇಜುಗಳಲ್ಲಿ ಫುಲ್ ಸ್ಕಾಲರ್‌ಶಿಪ್ ಸಿಗುತ್ತದೆ ಎಂದು ರೀಲ್ಸ್‌ನಲ್ಲಿ ನೋಡಿದೆ. ಅಲ್ಲಿಯ ಕೋಚ್‌ಗಳ ಕಣ್ಣಿಗೆ ಬೀಳುವುದು ಹೇಗೆ?
ವಿದ್ಯಾರ್ಥಿನಿ, ನೀರ್ಚಾಲು

ಹೋದವರು ಇದ್ದಾರೆ ಮಗಾ. ಬೆಂಗಳೂರಿನ ಸಂಜನಾ ರಮೇಶ್ 2019ರಲ್ಲಿ ನಾರ್ದರ್ನ್ ಅರಿಜೋನಾ ಯುನಿವರ್ಸಿಟಿ ಸೇರಿದಳು. ಅವಳಿಗಿಂತ ಮೊದಲು ಕವಿತಾ ಅಕುಲ ಗ್ರ್ಯಾಂಡ್ ಕ್ಯಾನ್ಯನ್ ಯುನಿವರ್ಸಿಟಿಗೆ ಆಡಿದ್ದಳು, ಅದೂ ಅರಿಜೋನಾದಲ್ಲೇ. ಆಮೇಲೆ ಹರ್‌ಸಿಮ್ರನ್ ಕೌರ್ ಸ್ಯಾನ್ ಡಿಯೇಗೊಗೆ ಹೋದಳು. ಆದರೆ ಮೂವರಲ್ಲಿ ಯಾರೂ ಶಾಲೆಯ ಅಂಗಳದಿಂದ ಸೀದಾ ವಿಮಾನ ಹತ್ತಿದವರಲ್ಲ. ನಡುವೆ ದೊಡ್ಡ ಅಕಾಡೆಮಿಯೋ ಅಂತಾರಾಷ್ಟ್ರೀಯ ಶಿಬಿರವೋ ಇತ್ತು. ರೀಲ್ಸ್‌ನವರು ಆ ಭಾಗ ಹೇಳುವುದಿಲ್ಲ.

ಲೆಕ್ಕವನ್ನೂ ನೋಡು. ಡಿವಿಜನ್ ಒನ್ ಅಂತ ಕರೆಯುವ ಮೇಲಿನ ದರ್ಜೆಯಲ್ಲಿ 350ಕ್ಕೂ ಹೆಚ್ಚು ಕಾಲೇಜುಗಳಿವೆ. ಒಂದು ತಂಡಕ್ಕೆ ಸ್ಕಾಲರ್‌ಶಿಪ್ ಹೆಚ್ಚೆಂದರೆ 15. ಐದು ಸಾವಿರ ಚಿಲ್ಲರೆ ಜಾಗ, ಇಡೀ ಲೋಕಕ್ಕೆ. ಅದರ ಮೇಲೆ 2018ರಲ್ಲಿ ಟ್ರಾನ್ಸ್‌ಫರ್ ಪೋರ್ಟಲ್ ಅಂತ ಒಂದು ಬಂತು. ಒಂದು ಕಾಲೇಜಲ್ಲಿ ಆಡುತ್ತಿರುವ ಹುಡುಗಿ ಅದರಲ್ಲಿ ಹೆಸರು ಹಾಕಿಸಿದರೆ ಬೇರೆ ಕಾಲೇಜಿನವರು ಅವಳನ್ನು ಕರೆಯಬಹುದು. ಕೋಚ್ ಆದವಳಿಗೆ ಹದಿನೇಳರ ಹೊಸ ಹುಡುಗಿಗಿಂತ ಎರಡು ವರ್ಷ ಆಡಿ ಪಳಗಿದ ಇಪ್ಪತ್ತರವಳು ಲಾಭ ಅಲ್ವಾ? ನಿನ್ನ ಪೈಪೋಟಿ ಅವಳ ಜೊತೆಗೂ ಇದೆ.

ಡಿವಿಜನ್ ಥ್ರೀಯಲ್ಲಿ ಆಟಕ್ಕೆ ಅಂತ ಸ್ಕಾಲರ್‌ಶಿಪ್ಪೇ ಇಲ್ಲ. ಓದಿಗೆ, ಮನೆಯ ಕಷ್ಟಕ್ಕೆ ಕೊಡುತ್ತಾರೆ. ಎರಡು ವರ್ಷದ ಜೂನಿಯರ್ ಕಾಲೇಜುಗಳೂ ಇವೆ, ಅಲ್ಲಿ ಆಡಿ ಮೇಲೆ ಹತ್ತಿದವರು ಬೇಕಾದಷ್ಟಿದ್ದಾರೆ. ನಿನಗೆ ಆ ದಾರಿಯೇ ವಾಸಿ ಅಂತ ನನ್ನ ಲೆಕ್ಕ.

ಇನ್ನು ನೋಡುವ ಕ್ರಮ. ಅಲ್ಲಿ ಬೇಸಿಗೆಯಲ್ಲಿ ಹೈಸ್ಕೂಲು ಮಕ್ಕಳ ದೊಡ್ಡ ಟೂರ್ನಮೆಂಟುಗಳು ನಡೆಯುತ್ತವೆ. ಕಾಲೇಜು ಕೋಚ್‌ಗಳು ತಮ್ಮ ಕಾಲೇಜಿನ ಬಣ್ಣದ ಅಂಗಿ ಹಾಕಿ ಬದಿಯಲ್ಲಿ ಸಾಲಾಗಿ ಕೂರುತ್ತಾರೆ. ಕೆಲವು ದಿನಗಳಲ್ಲಿ ನೋಡಬಹುದು, ಎದುರಿಗೆ ಹೋಗಿ ಮಾತಾಡುವ ಹಾಗಿಲ್ಲ. ಮಾತಾಡಲು ಬೇರೆ ಕಾಲ. ಮುಖ ತೋರಿಸಲೇ ಬಾರದ ಕಾಲ ಇನ್ನೊಂದು. ನಮ್ಮಲ್ಲಿ ಹೆಣ್ಣು ನೋಡುವ ಶಾಸ್ತ್ರಕ್ಕೂ ಇಷ್ಟು ಕಟ್ಟುಪಾಡು ಇರಲಿಲ್ಲ! ಒಂದು ವ್ಯತ್ಯಾಸ, ಅಲ್ಲಿ ಉಪ್ಪಿಟ್ಟು ಕೇಸರಿಬಾತಿನ ಖರ್ಚು ನೋಡುವವರದ್ದು. ಅಫಿಶಿಯಲ್ ವಿಸಿಟ್ ಅಂತ ಹುಡುಗಿಯನ್ನು ತಮ್ಮ ಖರ್ಚಿನಲ್ಲೇ ಕರೆಸಿ ಕ್ಯಾಂಪಸ್ ತೋರಿಸುತ್ತಾರೆ.

ನಿನ್ನನ್ನು ನೋಡಲು ನೀರ್ಚಾಲಿಗೆ ಯಾರೂ ಬರುವುದಿಲ್ಲ. ನಿನ್ನ ವಿಡಿಯೋ ಹೋಗಬೇಕು. ಬರೀ ಬಾಸ್ಕೆಟ್ ಹಾಕಿದ್ದನ್ನೇ ಕತ್ತರಿಸಿ, ಹಿಂದೆ ಸಿನಿಮಾ ಹಾಡು ಹಾಕಿ ಕಳಿಸಬೇಡ. ಎರಡು ನಿಮಿಷದ ತುಣುಕು ಸಾಕು, ಜೊತೆಗೆ ಒಂದು ಇಡೀ ಪಂದ್ಯ ಇರಲಿ. ಮೊಬೈಲನ್ನು ಕೋರ್ಟಿನ ಮಧ್ಯದ ಗೆರೆಯ ನೇರಕ್ಕೆ, ಗೋಡೆಯ ಮೇಲೋ ಸ್ಟೇಜಿನ ಮೇಲೋ ಎತ್ತರದಲ್ಲಿ ಇಡಿಸು. ತಮ್ಮನ ಕೈಗೆ ಕೊಟ್ಟರೆ ಚೆಂಡಿನ ಹಿಂದೆಯೇ ಕ್ಯಾಮೆರಾ ಓಡಿಸುತ್ತಾನೆ. ಚೆಂಡು ನಿನ್ನ ಕೈಯಲ್ಲಿ ಇಲ್ಲದಾಗ ನೀನೇನು ಮಾಡುತ್ತೀ ಅಂತ ಅವರಿಗೆ ನೋಡಬೇಕು.

ಇಲ್ಲಿ ಒಂದು ಕತೆ ಹೇಳಬೇಕು. ನಮ್ಮ ಶಾಲೆಯ ಕೆಂಪು ಮಣ್ಣಿನ ಕೋರ್ಟಿಗೆ ಒಮ್ಮೆ ತೆಂಕು ಜಿಲ್ಲೆಯ ಒಂದು ಸ್ಪೋರ್ಟ್ಸ್ ಹಾಸ್ಟೆಲಿನ ಕೋಚ್ ಬಂದರು. ಬಂದದ್ದು ನಮ್ಮ ಉದ್ದದ ಹುಡುಗಿಯೊಬ್ಬಳಿಗಾಗಿ. ಅಳತೆ ಟೇಪು ಕಿಸೆಯಲ್ಲೇ ಇತ್ತು. ಆಟ ಶುರುವಾಗಿ ಐದು ನಿಮಿಷಕ್ಕೆ ನನ್ನ ಹತ್ತಿರ ಬಾಗಿ ಕೇಳಿದರು, ‘ಟೀಚರೇ, ಆ ವಾಯಾಡಿ ಯಾರು?’ ಮಲಯಾಳದಲ್ಲಿ ವಾಯಾಡಿ ಅಂದರೆ ಬಾಯಿಬಡುಕಿ. ನಮ್ಮ ಗಿಡ್ಡ ಗಾರ್ಡ್ ಹುಡುಗಿ, ಅಂದರೆ ಚೆಂಡು ಮುಂದಕ್ಕೆ ತರುವವಳು. ಐದಡಿ ಎರಡಿಂಚು ಇದ್ದಳೋ ಇಲ್ಲವೋ. ಎದುರಾಳಿ ಹಿಂದಿನಿಂದ ನುಗ್ಗಿದರೆ ಒಬ್ಬಳಿಗೆ ತುಳುವಿನಲ್ಲಿ ‘ಪಿರವು ಪಿರವು’ ಅನ್ನುತ್ತಿದ್ದಳು, ಇನ್ನೊಬ್ಬಳಿಗೆ ಮಲಯಾಳದಲ್ಲಿ ‘ಪಿನ್ನಿಲ್’, ಉದ್ದದವಳಿಗೆ ಕನ್ನಡದಲ್ಲಿ ‘ಹಿಂದೆ ಮಾರಾಯ್ತಿ, ಹಿಂದೆ!’ ಒಂದು ಉಸಿರಿನಲ್ಲಿ ಮೂರು ಭಾಷೆ. ಕೋಚ್ ಇಬ್ಬರನ್ನೂ ಕರೆದುಕೊಂಡು ಹೋದರು. ಉದ್ದದವಳು ಆರು ತಿಂಗಳಲ್ಲಿ ಮನೆ ನೆನಪಾಗಿ ವಾಪಸ್ ಬಂದಳು. ವಾಯಾಡಿಗೆ ಈಗ ಸ್ಪೋರ್ಟ್ಸ್ ಕೋಟಾದಲ್ಲಿ ಸರಕಾರಿ ಕೆಲಸ. ಅಮೆರಿಕದ ಕೋಚ್‌ಗಳೂ ಡಿಫೆನ್ಸಿನಲ್ಲಿ ಬಾಯಿ ಬಿಡುವ ಹುಡುಗಿಯನ್ನೇ ಹುಡುಕುತ್ತಾರೆ. ಹಾಡು ಹಾಕಬೇಡ ಅಂತ ಹೇಳಿದ್ದು ಅದಕ್ಕೇ, ನಿನ್ನ ವಿಡಿಯೋದಲ್ಲಿ ಧ್ವನಿ ತೆಗೆಯಬೇಡ.

ಕೊನೆಗೆ ಕಾಗದಪತ್ರ. ಅಲ್ಲಿಯ ಕಾಲೇಜು ಕ್ರೀಡಾ ಸಂಸ್ಥೆ ಎನ್‌ಸಿಎಎ. ಅದರ ಎಲಿಜಿಬಿಲಿಟಿ ಸೆಂಟರಿನಲ್ಲಿ ಹೆಸರು ನೋಂದಾಯಿಸಬೇಕು. ಹೈಸ್ಕೂಲಿನ 16 ಮುಖ್ಯ ಕೋರ್ಸುಗಳ ಅಂಕ ನೋಡುತ್ತಾರೆ. ಇದುವರೆಗಿನ ನಿಯಮದಂತೆ ಐದು ವರ್ಷದೊಳಗೆ ನಾಲ್ಕು ಸೀಸನ್ ಆಡಬಹುದು. ಆ ಐದು ವರ್ಷದ ಗಡಿಯಾರ ನೀನು ಯಾವುದೇ ದೇಶದ ಕಾಲೇಜಿಗೆ ಪೂರ್ತಿ ಹೊತ್ತಿನ ವಿದ್ಯಾರ್ಥಿನಿಯಾಗಿ ಸೇರಿದ ದಿನದಿಂದಲೇ ಓಡತೊಡಗುತ್ತದೆ. ‘ಸುಮ್ನೆ ಇಲ್ಲೇ ಡಿಗ್ರಿಗೆ ಸೇರಿರುತ್ತೇನೆ, ಆಮೇಲೆ ನೋಡುವ’ ಅಂದರೆ ವರ್ಷ ಕಳೆದುಹೋಗುತ್ತದೆ.

ಮಗಳ ಆಟದ ವಿಡಿಯೋ ನೋಡಿ ಒಬ್ಬರು ವಾಟ್ಸಾಪಿನಲ್ಲಿ ಸಂಪರ್ಕಿಸಿದ್ದಾರೆ. ಅಮೆರಿಕದಲ್ಲಿ ಸೀಟು ಗ್ಯಾರಂಟಿ ಅಂತೆ. ಮೂರು ಲಕ್ಷ ಮುಂಗಡ, ಸ್ಕಾಲರ್‌ಶಿಪ್ ಬಂದ ಮೇಲೆ ಅದರ ಹತ್ತು ಪರ್ಸೆಂಟ್. ಕೊಡಬಹುದೇ?
ಒಬ್ಬ ತಂದೆ, ಪೆರ್ಲ

ಕೊಡಬೇಡಿ. ಅಡಿಕೆ ಮಾರಿದ ಹಣ ಅಂತ ಪತ್ರದ ಕೊನೆಯಲ್ಲಿ ಬರೆದಿದ್ದೀರಿ, ಅದಕ್ಕಾಗಿ ಇನ್ನೊಮ್ಮೆ ಹೇಳುತ್ತೇನೆ, ಕೊಡಬೇಡಿ.

ಸೀಟು ಗ್ಯಾರಂಟಿ ಕೊಡುವ ಅಧಿಕಾರ ಕಾಲೇಜಿನ ಹೊರಗಿನ ಯಾರಿಗೂ ಇಲ್ಲ. ಹೆಡ್ ಕೋಚ್ ಒಪ್ಪಬೇಕು, ಅಡ್ಮಿಷನ್ನಿನವರು ಒಪ್ಪಬೇಕು, ಎನ್‌ಸಿಎಎ ಅರ್ಹತೆ ನೋಡಬೇಕು, ಕಡೆಗೆ ವೀಸಾ. ವಿಡಿಯೋ ಮಾಡಿಕೊಟ್ಟು ಕೋಚ್‌ಗಳಿಗೆ ಇಮೇಲ್ ಕಳಿಸುವ ಸೇವೆಗಳು ಇವೆ, ನಿಜ. ಅವಕ್ಕೆ ಒಂದು ನಿಗದಿ ಶುಲ್ಕ ಇರಬಹುದು. ಆದರೆ ‘ಸ್ಕಾಲರ್‌ಶಿಪ್ ಸಿಕ್ಕಿದರೆ ಅದರಲ್ಲಿ ಇಷ್ಟು ಪಾಲು’ ಎಂಬ ಒಪ್ಪಂದ ಎನ್‌ಸಿಎಎ ನಿಯಮಕ್ಕೇ ವಿರುದ್ಧ. ಅಂಥವರನ್ನು ಏಜೆಂಟ್ ಅಂತ ಎಣಿಸುತ್ತಾರೆ. ಆಮೇಲೆ ನಿಮ್ಮ ಮಗಳ ಆಡುವ ಅರ್ಹತೆಗೇ ಕುತ್ತು. ಹಣವೂ ಹೋಯಿತು, ಆಟವೂ ಹೋಯಿತು ಅಂತಾಗಬಾರದು.

ಆ ಮನುಷ್ಯನ ಹತ್ತಿರ ಒಂದು ಮಾತು ಕೇಳಿ. ‘ಯಾವ ಕಾಲೇಜು, ಯಾವ ಕೋಚ್? ಕಾಲೇಜಿನ ಇಮೇಲಿನಿಂದ ಅವರೇ ನಮಗೆ ಎರಡು ಸಾಲು ಬರೆಯಲಿ.’ ಕೋಚ್‌ಗಳ ಹೆಸರು, ಇಮೇಲು ಕಾಲೇಜಿನ ವೆಬ್‌ಸೈಟಿನಲ್ಲೇ ಇರುತ್ತದೆ. ನಿಮ್ಮ ಮಗಳೇ ಇವತ್ತು ಸಂಜೆ ಬರೆಯಬಹುದು. ಖರ್ಚು ಇಲ್ಲ.

ಮಗನ ಮನೆಗೆ ನ್ಯೂಜೆರ್ಸಿಗೆ ಹೋಗಿದ್ದಾಗ ಟಿವಿಯಲ್ಲಿ ಹುಡುಗಿಯರ ಕಾಲೇಜು ಪಂದ್ಯ ನೋಡುತ್ತಿದ್ದೆ. ಬೆಂಚಿನಲ್ಲಿ ಆಡುವವರಿಗಿಂತ ಆಡದವರೇ ಜಾಸ್ತಿ! ಇವರೆಲ್ಲ ಯಾರು? ಏನು ಕೆಲಸ?
ನಿವೃತ್ತ ಬ್ಯಾಂಕ್ ನೌಕರರು, ಕುಂಬಳೆ

ನಿಮ್ಮ ಕಣ್ಣು ಸರಿಯಾದ ಕಡೆ ಹೋಗಿದೆ. ನನ್ನ ತಂಗಿಯ ಮಗಳು ಕನೆಕ್ಟಿಕಟ್‌ನಲ್ಲಿದ್ದಾಳೆ. 2018ರ ಚಳಿಗಾಲದಲ್ಲಿ ಅವಳು ನನ್ನನ್ನು ಸ್ಟಾರ್ಸ್ ಎಂಬ ಊರಿಗೆ, ಯುನಿವರ್ಸಿಟಿ ಆಫ್ ಕನೆಕ್ಟಿಕಟ್ ಪಂದ್ಯಕ್ಕೆ ಕರೆದುಕೊಂಡು ಹೋದಳು. ಹೊರಗೆ ಹಿಮ, ನಾನು ಎರಡು ಸ್ವೆಟರಿನ ಮೇಲೆ ಶಾಲು. ಎಲ್ಲರೂ ಕೋರ್ಟು ನೋಡುತ್ತಿದ್ದರೆ ನಾನು ಬೆಂಚನ್ನು ಎಣಿಸುತ್ತಿದ್ದೆ.

ನಡುವೆ ಹೆಡ್ ಕೋಚ್. ಪಕ್ಕದಲ್ಲಿ ಅಸೋಸಿಯೇಟ್ ಹೆಡ್ ಕೋಚ್, ಅಂದರೆ ಮನೆಯ ಹಿರಿ ಸೊಸೆ ಅನ್ನಿ. ಆಮೇಲೆ ಅಸಿಸ್ಟೆಂಟ್‌ಗಳು. ಒಬ್ಬರು ಗಾರ್ಡ್‌ಗಳಿಗೆ ಕಲಿಸುವವರು, ಒಬ್ಬರು ರಿಂಗಿನ ಹತ್ತಿರ ಆಡುವ ಎತ್ತರದವರಿಗೆ. ಮೊದಲು ಅಸಿಸ್ಟೆಂಟ್ ಮೂವರೇ ಇರಬಹುದಿತ್ತು. 2023ರಲ್ಲಿ ಇನ್ನಿಬ್ಬರಿಗೆ ಅವಕಾಶ ಕೊಟ್ಟರು. ಆ ಹೆಚ್ಚಿನ ಇಬ್ಬರು ಕಲಿಸಬಹುದು, ಕ್ಯಾಂಪಸ್ಸಿನ ಹೊರಗೆ ಹೋಗಿ ಹುಡುಗಿಯರನ್ನು ಹುಡುಕುವಂತಿಲ್ಲ ಅಂತ ಆಗ ನಿಯಮ ಇತ್ತು. ಬಸ್ಸು, ಹೋಟೆಲು, ಊಟ ನೋಡುವ ಆಪರೇಷನ್ಸ್ ಡೈರೆಕ್ಟರ್ ಬೇರೆ. ಎದುರು ತಂಡದ ಹಳೆಯ ಪಂದ್ಯ ಕತ್ತರಿಸಿ ತೋರಿಸುವ ವಿಡಿಯೋದವರು ಬೇರೆ. ಕಾಲು ಉಳುಕಿದರೆ ಓಡಿ ಬರುವವರಿಗೆ ಅಲ್ಲಿ ಅಥ್ಲೆಟಿಕ್ ಟ್ರೈನರ್ ಅನ್ನುತ್ತಾರೆ. ನಾವು ಟ್ರೈನರ್ ಅಂದರೆ ಜಿಮ್ಮಿನವರು ಅಂದುಕೊಳ್ಳುತ್ತೇವೆ, ಜಿಮ್ಮಿಗೆ ಇನ್ನೊಬ್ಬರಿದ್ದಾರೆ. ಓದಿನಲ್ಲಿ ಹಿಂದೆ ಬೀಳದ ಹಾಗೆ ನೋಡಲು ಮತ್ತೊಬ್ಬರು.

ಬೆಂಚಿನಲ್ಲಿ ಕಾಣದ ಒಂದು ಗುಂಪೂ ಇದೆ. ನನಗೆ ತುಂಬಾ ಹಿಡಿಸಿದ್ದು ಅದೇ. ಆ ಕಾಲೇಜಿನ ಸಾಮಾನ್ಯ ಗಂಡು ಹುಡುಗರು ಬಂದು ಹುಡುಗಿಯರ ತಂಡದ ಎದುರು ದಿನಾ ಪ್ರಾಕ್ಟೀಸ್ ಆಡುತ್ತಾರೆ. ಮುಂದಿನ ಎದುರಾಳಿ ಹೇಗೆ ಆಡುತ್ತದೋ ಹಾಗೆಯೇ ಆಡಿ ತೋರಿಸಬೇಕು. ಟಿವಿಯಲ್ಲಿ ಮುಖ ಬರುವುದಿಲ್ಲ. ನಮ್ಮ ಶಾಲೆಯಲ್ಲಿ ಇದನ್ನು ಪ್ರಯತ್ನಿಸಿದೆ. ಹುಡುಗರು ಮೊದಲ ದಿನ ನಕ್ಕರು, ಮೂರನೆಯ ದಿನ ಸೋತರು, ನಾಲ್ಕನೆಯ ದಿನ ಬರಲಿಲ್ಲ.

ಕನೆಕ್ಟಿಕಟ್‌ನ ಹೆಡ್ ಕೋಚ್ ಜೀನೊ ಆರಿಯೆಮ್ಮ 1985ರಲ್ಲಿ ಬಂದವರು. 2025ರದ್ದು ಸೇರಿ 12 ಸಲ ರಾಷ್ಟ್ರೀಯ ಚಾಂಪಿಯನ್. ಅವರ ಹೆಸರು ಎಲ್ಲರಿಗೂ ಗೊತ್ತು. ಅವರ ಪಕ್ಕದ ಕ್ರಿಸ್ ಡೇಲಿ ಎಂಬ ಹೆಂಗಸು ಕೂಡ 1985ರಲ್ಲೇ ಬಂದವರು. ಅವತ್ತು ನಾನು ನೋಡಿದಾಗಲೂ ಅಲ್ಲೇ ಇದ್ದರು. ಮಗಳನ್ನು ಕಾಲೇಜಿಗೆ ಕಳಿಸುವ ಅಪ್ಪ ಅಮ್ಮ ಕಪ್ಪುಗಳನ್ನು ಎಣಿಸುವುದಕ್ಕಿಂತ ಇದನ್ನು ನೋಡಬೇಕು ಅಂತ ನನ್ನ ಮತ. ಸಾಮಾನ್ಯವಾಗಿ ಮನೆಗೆ ಫೋನ್ ಮಾಡಿ, ಮೆಸೇಜ್ ಕಳಿಸಿ, ಅಮ್ಮನ ಆರೋಗ್ಯ ವಿಚಾರಿಸಿ ಹುಡುಗಿಯನ್ನು ಒಪ್ಪಿಸುವುದು ಅಸಿಸ್ಟೆಂಟ್ ಕೋಚ್. ಆ ಅಸಿಸ್ಟೆಂಟ್‌ಗೆ ಬೇರೆ ಕಡೆ ದೊಡ್ಡ ಕೆಲಸ ಸಿಕ್ಕಿತೋ, ಹೊರಟೇಬಿಡುತ್ತಾಳೆ. ಹುಡುಗಿ ಹೋಗಿ ಇಳಿದಾಗ ಪರಿಚಯದ ಮುಖವೇ ಇಲ್ಲ. ಹಾಗಾಗಿ ಬೆಂಚಿನಲ್ಲಿ ಯಾರು ಎಷ್ಟು ವರ್ಷದಿಂದ ಕೂತಿದ್ದಾರೆ ಅಂತ ಕೇಳಿ ತಿಳಿಯಬೇಕು.

ಅಲ್ಲಿ ಈಗ ಆಟಗಾರ್ತಿಯರಿಗೆ ಕಾಲೇಜೇ ಸಂಬಳ ಕೊಡುತ್ತದಂತೆ, ಹೌದಾ?
ಓದುಗ, ಉಪ್ಪಳ

ಹೌದು. 2025ರಲ್ಲಿ ಕೋರ್ಟು ಒಪ್ಪಿದ ಒಂದು ರಾಜಿಯ ನಂತರ ಒಂದೊಂದು ಕಾಲೇಜೂ ತನ್ನ ಎಲ್ಲ ಆಟಗಳಿಗೂ ಸೇರಿ ಮೊದಲ ವರ್ಷ 2.05 ಕೋಟಿ ಡಾಲರ್‌ವರೆಗೆ ಹಂಚಬಹುದು. ಅದರ ಸಿಂಹಪಾಲು ಅವರ ಫುಟ್‌ಬಾಲಿಗೆ ಮತ್ತು ಹುಡುಗರ ಬಾಸ್ಕೆಟ್‌ಬಾಲಿಗೆ. ನಮ್ಮ ಮಕ್ಕಳು ಹೋಗುವುದು ಸ್ಟೂಡೆಂಟ್ ವೀಸಾದಲ್ಲಿ. ದುಡಿಮೆಗೆ ಬಿಗಿ ನಿಯಮಗಳಿವೆ. ಆ ಹಣ ನಂಬಿ ಸಾಲ ಮಾಡಬೇಡಿ.

ಬಿ.ಪಿ.ಎಡ್ ಮುಗಿಸುತ್ತಿದ್ದೇನೆ. ಬಾಸ್ಕೆಟ್‌ಬಾಲ್ ಕೋಚ್ ಆಗುವ ಆಸೆ. ಮದುವೆ ಮಾತುಕತೆ ನಡೆಯುತ್ತಿದೆ. ‘ಊರೂರು ತಿರುಗುವ ಕೆಲಸ ಹೆಂಗಸರಿಗೆ ಆಗುವುದಿಲ್ಲ’ ಎಂದು ಗಂಡಿನ ಕಡೆಯವರು ಹೇಳುತ್ತಿದ್ದಾರೆ. ಏನು ಉತ್ತರ ಕೊಡಲಿ?
ಹೆಸರು ಬೇಡ, ಮುಳಿಯಾರು

ಅವರಿಗೆ ಪ್ಯಾಟ್ ಸಮಿಟ್ ಕತೆ ಹೇಳು. ಅಮೆರಿಕದ ಟೆನೆಸ್ಸಿ ಯುನಿವರ್ಸಿಟಿಯಲ್ಲಿ 1974ರಲ್ಲಿ ಹೆಡ್ ಕೋಚ್ ಆದಾಗ ಅವಳಿಗೆ 22 ವರ್ಷ. ತಿಂಗಳಿಗೆ 250 ಡಾಲರ್. ತಂಡದ ವ್ಯಾನು ಓಡಿಸಿದ್ದೂ ಅವಳೇ, ಹುಡುಗಿಯರ ಜೆರ್ಸಿ ಒಗೆದದ್ದೂ ಅವಳೇ. 1990ರ ಸೆಪ್ಟೆಂಬರಿನಲ್ಲಿ ದಿನ ತುಂಬಿದ ಬಸುರಿ, ಪೆನ್ಸಿಲ್ವೇನಿಯಾದ ಮಿಶೆಲ್ ಮಾರ್ಸಿನಿಯಾಕ್ ಎಂಬ ಹುಡುಗಿಯ ಮನೆಗೆ ಹೋಗಿದ್ದಳು, ನಮ್ಮ ಕಾಲೇಜಿಗೆ ಬಾ ಅಂತ ಕರೆಯಲು. ಆ ಭೇಟಿಯ ಹೊತ್ತಿಗೇ ಹೆರಿಗೆ ಶುರುವಾಯಿತು. ಸಣ್ಣ ವಿಮಾನ ಹತ್ತಿ ಹೊರಟರು. ನಡುವೆ ವರ್ಜೀನಿಯಾದಲ್ಲಿ ಇಳಿಸೋಣ ಅಂದರೆ ಇವಳು ಬಿಲ್‌ಕುಲ್ ಒಪ್ಪಲಿಲ್ಲ. ಅದೇ ವರ್ಷ ವರ್ಜೀನಿಯಾ ತಂಡ ಇವಳ ತಂಡವನ್ನು ಟೂರ್ನಮೆಂಟಿನಲ್ಲಿ ಸೋಲಿಸಿತ್ತು! ಮಗು ಟೆನೆಸ್ಸಿಯಲ್ಲೇ ಹುಟ್ಟಿತು. ಇಷ್ಟೆಲ್ಲ ಆಗಿಯೂ ಆ ಹುಡುಗಿ ಮೊದಲು ಸೇರಿದ್ದು ನೋಟರ್‌ಡೇಮ್ ಎಂಬ ಬೇರೆ ಯುನಿವರ್ಸಿಟಿಗೆ. ಒಂದು ವರ್ಷ ಕಳೆದು ಟೆನೆಸ್ಸಿಗೆ ಬಂದಳು, 1996ರಲ್ಲಿ ಕಪ್ ಗೆಲ್ಲಿಸಿದಳು. ಸಮಿಟ್ 2012ರಲ್ಲಿ ನಿವೃತ್ತಿಯಾದಾಗ 1,098 ಗೆಲುವು, 8 ಚಾಂಪಿಯನ್‌ಶಿಪ್.

ದಿನ ತುಂಬಿದಾಗ ತಿರುಗು ಅಂತ ನಾನು ಹೇಳುತ್ತಿಲ್ಲ, ನಿನ್ನ ಅತ್ತೆಯಾಗುವವರು ಈ ಪುಟ ಓದಿದರೆ ನನ್ನನ್ನು ಬೈಯುವುದು ಬೇಡ.

ಆದರೆ ಹೆಂಗಸರು ಈ ಕೆಲಸ ಮಾಡಲೇಬೇಕು. ಯಾಕೆ ಅಂತ ನನ್ನದೇ ಅನುಭವ ಹೇಳುತ್ತೇನೆ. ನಾನು ನಾಲ್ಕು ಸಲ ಹುಡುಗಿಯರ ತಂಡದ ಜೊತೆ ‘ಲೇಡಿ ಮ್ಯಾನೇಜರ್’ ಆಗಿ ಹೋಗಿದ್ದೇನೆ. ಹೆಸರು ದೊಡ್ಡದು. ಕೆಲಸ ಅಂದರೆ ರೂಮಿನ ಕೀಲಿ, ಟ್ರೈನಿನ ಬರ್ತು, ಚಿತ್ರಾನ್ನದ ಪೊಟ್ಟಣ. ಒಂದು ಪಂದ್ಯದಲ್ಲಿ ನಮ್ಮ ಹುಡುಗಿಯೊಬ್ಬಳು ಓಡಲಾರದೆ ಬಗ್ಗಿ ಬಗ್ಗಿ ನಿಲ್ಲುತ್ತಿದ್ದಳು. ಬೆಳಿಗ್ಗೆ ಪ್ಯಾಡು ತಂದುಕೊಟ್ಟವಳು ನಾನೇ, ನನಗೆ ಕಾರಣ ಗೊತ್ತು. ಟೈಮ್‌ಔಟಿನಲ್ಲಿ ಹತ್ತಿರ ಹೋದೆ. ಕೋಚ್ ಕೈ ಅಡ್ಡ ಹಿಡಿದು ‘ಟೀಚರ್, ನೀವು ಆಚೆ ಕೂತ್ಕೊಳ್ಳಿ’ ಅಂದರು. ಆಮೇಲೆ ಅವಳನ್ನು ಸೋಮಾರಿ ಅಂತ ಎಲ್ಲರೆದುರು ಬೈದರು. ಅವಳ ಕಣ್ಣು ನನ್ನ ಕಡೆ ಇತ್ತು. ನಾನು ಚಿತ್ರಾನ್ನದ ಚೀಲ ಹಿಡಿದು ಕೂತಿದ್ದೆ. ಇಪ್ಪತ್ತು ವರ್ಷದ ಮೇಲಾಯಿತು, ಈಗಲೂ ಹೊಟ್ಟೆ ಉರಿಯುತ್ತದೆ.

ಅಮೆರಿಕದಲ್ಲೂ ಇದು ಪೂರಾ ಸರಿಯಿಲ್ಲ. ಶಾಲೆ ಕಾಲೇಜುಗಳಲ್ಲಿ ಹೆಣ್ಣು ಗಂಡು ಭೇದ ಕೂಡದು ಎನ್ನುವ ಟೈಟಲ್ ನೈನ್ ಕಾನೂನು 1972ರಲ್ಲಿ ಬಂತು. ಅದಕ್ಕೆ ಮೊದಲು ಕಾಲೇಜು ಹುಡುಗಿಯರ ತಂಡಗಳಲ್ಲಿ ನೂರಕ್ಕೆ 90ಕ್ಕೂ ಹೆಚ್ಚಿನವಕ್ಕೆ ಹೆಂಗಸರೇ ಕೋಚ್. ಆಮೇಲೆ ಎಲ್ಲ ಆಟಗಳನ್ನು ಒಟ್ಟು ಸೇರಿಸಿ ನೋಡಿದರೆ ಅರ್ಧಕ್ಕಿಂತ ಕೆಳಗೆ ಇಳಿಯಿತು. ಸಂಬಳ ಬಂತು, ಗಂಡಸರೂ ಬಂದರು. ಬಾಸ್ಕೆಟ್‌ಬಾಲಿನಲ್ಲಿ ಪರವಾಗಿಲ್ಲ. ಸೌತ್ ಕೆರೊಲಿನಾ ಯುನಿವರ್ಸಿಟಿಯ ಹೆಡ್ ಕೋಚ್ ಡಾನ್ ಸ್ಟೇಲಿ ಎಂಬ ಹೆಂಗಸು 2017, 2022, 2024ರಲ್ಲಿ ಕಪ್ ಗೆದ್ದರು. 2024ರಲ್ಲಿ ಅವರ ತಂಡ 38 ಪಂದ್ಯ ಆಡಿ 38ನ್ನೂ ಗೆದ್ದಿತು.

ನೀನು ಬಿ.ಪಿ.ಎಡ್ ಆದ ಮೇಲೆ ರಾಷ್ಟ್ರೀಯ ಕ್ರೀಡಾ ಸಂಸ್ಥೆಯ (ಎನ್‌ಐಎಸ್) ಕೋಚಿಂಗ್ ಡಿಪ್ಲೊಮಾ ಮಾಡು. ಪಟಿಯಾಲಕ್ಕೇ ಹೋಗಬೇಕೆಂದಿಲ್ಲ, ಬೆಂಗಳೂರಿನಲ್ಲೂ ನಡೆಸುತ್ತಾರೆ. ಯಾವ ಆಟಕ್ಕೆ ಎಲ್ಲಿ ಅಂತ ಆ ವರ್ಷದ ಪ್ರಕಟಣೆ ನೋಡಿಕೋ. ಗಂಡಿನ ಕಡೆಯವರ ಹತ್ತಿರ ಕೋರ್ಸಿನ ವಿಚಾರ ಮದುವೆಗೆ ಮೊದಲೇ ಮಾತಾಡು. ಆಮೇಲೆ ನೋಡುವ ಅಂದರೆ ಆಮೇಲೆ ಆಗುವುದಿಲ್ಲ.

ಮಗಳಿಗೆ ಕಣ್ಣೂರು ಕಡೆಯ ಸ್ಪೋರ್ಟ್ಸ್ ಹಾಸ್ಟೆಲೋ, ಮಂಗಳೂರು ಕಡೆಯ ಕಾಲೇಜೋ? ಅವಳಿಗೆ ಮಲಯಾಳ ಓದಲು ಬರುವುದಿಲ್ಲ.
ತಾಯಿ, ಬದಿಯಡ್ಕ

ಓದಲು ಬರದಿದ್ದರೆ ಏನಂತೆ, ಕೋರ್ಟಿನಲ್ಲಿ ಒಂದು ತಿಂಗಳಿಗೆ ಬಾಯಿಗೆ ಬರುತ್ತದೆ. ಆದರೆ ಡಿಗ್ರಿಯವರೆಗೆ ಕನ್ನಡದಲ್ಲೇ ಓದಬೇಕು ಅಂತಿದ್ದರೆ ಮಂಗಳೂರು ಕಡೆ ಸುಲಭ. ಮೂಡುಬಿದಿರೆಯ ಆಳ್ವಾಸ್‌ನಲ್ಲಿ ಆಟದವರನ್ನು ದತ್ತು ತೆಗೆದುಕೊಳ್ಳುವ ಕ್ರಮ ಇದೆ. ಹುಡುಗಿಯರ ಬಾಸ್ಕೆಟ್‌ಬಾಲಿನಲ್ಲಿ ಮಾತ್ರ ಕೇರಳದ ಹಿಡಿತ ದೊಡ್ಡದು. ಚಂಗನಾಶ್ಶೇರಿಯ ಅಸಂಪ್ಷನ್ ಕಾಲೇಜಿನಲ್ಲಿ ಆಡಿ ಬೆಳೆದ ಗೀತು ಅನ್ನಾ ಜೋಸ್ 2011ರಲ್ಲಿ ಅಮೆರಿಕದ ಹೆಂಗಸರ ವೃತ್ತಿಪರ ಲೀಗ್ ಡಬ್ಲ್ಯುಎನ್‌ಬಿಎಯ ತಂಡಗಳ ಟ್ರಯಲ್ಸ್‌ಗೆ ಹೋದರು.

ಎರಡು ಕಡೆಗೂ ಹೇಳದೆ ಕೇಳದೆ ಒಂದು ಸಂಜೆ ಹೋಗಿ ಕೂತು ಬನ್ನಿ. ಟ್ರೋಫಿ ಕಪಾಟು ತೋರಿಸಲು ಬರುತ್ತಾರೆ, ಚಂದ ಇದೆ ಅಂತ ಹೇಳಿ ಮುಂದೆ ಹೋಗಿ. ಪ್ರಾಕ್ಟೀಸಿನಲ್ಲಿ ಒಬ್ಬಳಾದರೂ ಹೆಂಗಸು ಇದ್ದಾಳಾ? ರಾತ್ರಿ ಹಾಸ್ಟೆಲಿನಲ್ಲಿ ಯಾರು? ಕಾಲು ಮುರಿದುಕೊಂಡ ಹುಡುಗಿಯ ಫೀಸು ಮುಂದಿನ ವರ್ಷ ಯಾರು ಕಟ್ಟುತ್ತಾರೆ? ಕೊನೆಯ ವರ್ಷದ ಹುಡುಗಿಯರು ಎಷ್ಟು ಮಂದಿ ಉಳಿದಿದ್ದಾರೆ? ಮೊದಲ ವರ್ಷ ಹನ್ನೆರಡು ಜನ, ಕೊನೆಯ ವರ್ಷ ಇಬ್ಬರು ಅಂದರೆ ನಾನು ಮಗಳನ್ನು ಅಲ್ಲಿ ಬಿಡುವುದಿಲ್ಲ. ಈ ಪ್ರಶ್ನೆಗಳನ್ನು ಕೋಚ್ ಹತ್ತಿರ ಕೇಳಿ, ಆಮೇಲೆ ನೀರು ಕುಡಿಯುವ ನಳ್ಳಿಯ ಹತ್ತಿರ ನಿಂತ ಮಕ್ಕಳ ಹತ್ತಿರವೂ ಕೇಳಿ. ಉತ್ತರ ಒಂದೇ ಆಗಿದ್ದರೆ ಸೇರಿಸಿ.

ಮೊಮ್ಮಗಳಿಗೆ ಒಂಬತ್ತು ವರ್ಷ. ಅಡಿಕೆ ಅಂಗಳದಲ್ಲಿ ಅವಳಿಗೊಂದು ರಿಂಗು ಹಾಕಿಕೊಡಬೇಕು. ಎತ್ತರ ಎಷ್ಟಿರಲಿ? ಯಾವ ಚೆಂಡು?
ಅಜ್ಜ, ಮುಳ್ಳೇರಿಯ

ದೊಡ್ಡವರ ರಿಂಗು 3.05 ಮೀಟರ್, ಅಂದರೆ ಹತ್ತಡಿ. ಇವಳಿಗೆ 2.60 ಮೀಟರ್ ಸಾಕು. ಚೆಂಡು 5ನೇ ಸೈಜು. ಹೆಂಗಸರು ಆಡುವುದು 6ರಲ್ಲಿ, ಗಂಡಸರು 7ರಲ್ಲಿ. ಅಂಗಡಿಯವರು 7ನ್ನೇ ಕೊಡಲು ನೋಡುತ್ತಾರೆ, ತೆಗೆದುಕೊಳ್ಳಬೇಡಿ. ಕೈ ಚಿಕ್ಕದು, ಎಸೆಯುವ ಕ್ರಮವೇ ಕೆಡುತ್ತದೆ. ಕಂಬಕ್ಕೆ ಅಡಿಕೆ ಮರ ಬೇಡ, ಒಂದೆರಡು ಮಳೆಗಾಲಕ್ಕೆ ಬುಡ ಲಡ್ಡಾಗುತ್ತದೆ. ಕಬ್ಬಿಣದ ಪೈಪು ಹಾಕಿ. ರಿಂಗು ಮೇಲೆ ಕೆಳಗೆ ಮಾಡುವ ಹಾಗೆ ತೂತು ಕೊರೆಸಿ, ಹುಡುಗಿ ಬೆಳೆಯುತ್ತಾಳಲ್ಲ. ಅಡಿಕೆ ಹರಡಿದ ತಿಂಗಳುಗಳಲ್ಲಿ ಚೆಂಡನ್ನು ಅಟ್ಟಕ್ಕೆ ಹಾಕಬೇಡಿ, ಒಂದು ಮೂಲೆಯಲ್ಲಿ ಹತ್ತಡಿ ಜಾಗ ಬಿಡಿ. ಡ್ರಿಬ್ಲಿಂಗ್ ಅಷ್ಟರಲ್ಲೇ ಆಗುತ್ತದೆ.

ಬಾವಿಯ ಕಡೆಗೆ ಮಾತ್ರ ರಿಂಗು ಹಾಕಬೇಡಿ. ನಮ್ಮ ಮನೆಯಲ್ಲಿ ಹಾಗೆ ಹಾಕಿ, ಹಗ್ಗಕ್ಕೆ ಬುಟ್ಟಿ ಕಟ್ಟಿ ಬಾವಿಗೆ ಇಳಿಸಿ ಚೆಂಡು ಎತ್ತುವುದೇ ದಿನದ ಕೆಲಸವಾಗಿತ್ತು. ಅದರಲ್ಲಿ ಚಾಂಪಿಯನ್ ನನ್ನ ಅತ್ತೆ.